ತಂದೆಗೆ ಕಾರು ಕೊಳ್ಳುವ ಮುನ್ನ

ಮುಂಬಯಿ, ಪುಣೆಗಳಲ್ಲಿ ಮೂವತ್ತು ನಲುವತ್ತು ವರ್ಷ ದುಡಿದು ಊರು ಸೇರಿದ ತಂದೆಗೆ ಒಂದು ಕಾರು ಕೊಡಿಸಬೇಕೆಂಬ ಹಂಬಲ ಇಂದು ನಮ್ಮವರ ಅನೇಕ ಮನೆಗಳಲ್ಲಿ ಕಂಡುಬರುತ್ತಿದೆ. ಲೋಕಲ್ ಗಾಡಿಯಲ್ಲಿ ನಿಂತೇ ಆಯುಷ್ಯ ಸವೆಸಿದವರು ಇಳಿವಯಸ್ಸಿನಲ್ಲಾದರೂ ಸ್ವಂತ ವಾಹನದಲ್ಲಿ ಪೇಟೆಗೆ, ದೇವಸ್ಥಾನಕ್ಕೆ, ಡಾಕ್ಟರರಲ್ಲಿಗೆ ಹೋಗಿಬರಲೆಂದು ಮಕ್ಕಳು ಬಯಸುವುದು ಸ್ತುತ್ಯವೇ ಸರಿ. ಆದರೆ ಆ ಕಾರನ್ನು ಆರಿಸುವ ರೀತಿಯ ವಿಷಯದಲ್ಲಿ ನಾವು ಎರಡು ಮಾತು ಹೇಳದೆ ಇರಲಾರೆವು.

ನಮಗೆ ಪರಿಚಿತರಾದ ಹಿರಿಯರೊಬ್ಬರು ಮೂವತ್ತೈದು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವರು. ಮಗನು ಸಾಲ ಮಾಡಿ ಎತ್ತರದ, ಭಾರೀ ಗಾತ್ರದ ಕಾರೊಂದನ್ನು ಕೊಂಡು ಊರಿನ ಅಂಗಳದಲ್ಲಿ ತಂದು ನಿಲ್ಲಿಸಿದನು. ನೆರೆಕರೆಯವರೆಲ್ಲ ಬಂದು ನೋಡಿ ಹೊಗಳಿದರು. ಆದರೆ ಹತ್ತಬೇಕಾದರೆ ಕಾಲನ್ನು ಸೊಂಟದವರೆಗೆ ಎತ್ತಬೇಕು. ಕ್ಲಚ್ಚು ಒತ್ತಿದಾಗಲೆಲ್ಲ ಎಡಮೊಣಕಾಲು ಹಿಡಿಯುತ್ತದೆ. ಮನೆಯ ಓಣಿಯ ಎರಡೂ ಕಡೆ ಕೆಂಪುಕಲ್ಲಿನ ಪಾಗಾರ. ಮಗನಿಗೆ ಬೇಸರವಾದೀತೆಂದು ತಂದೆಯವರು ತುಟಿಪಿಟಕ್ಕೆನ್ನಲಿಲ್ಲ. ಎಂಟು ತಿಂಗಳು ಕಾರು ಹೊದಿಕೆಯೊಳಗೆ ನಿಂತಿತು, ಅವರು ರಿಕ್ಷಾದಲ್ಲಿ ಓಡಾಡಿದರು. ಕೊನೆಗೆ ಅದನ್ನು ನಷ್ಟಕ್ಕೆ ಮಾರಿದ್ದಾಯಿತು.

ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಕೊಳ್ಳುವ ದಿನ ತಂದೆಯವರು ಅದರಲ್ಲಿ ಒಮ್ಮೆಯೂ ಕುಳಿತಿರಲಿಲ್ಲ, ಅಷ್ಟೆ. ಹೊಟೇಲಿನಲ್ಲಿ ದುಡಿದವನ ಮೊಣಕಾಲು, ಕಚೇರಿಯಲ್ಲಿ ಲೆಕ್ಕ ಬರೆದವನ ಕಣ್ಣು, ಕತ್ತು, ಬೆನ್ನು ಮೊದಲು ಸವೆಯುತ್ತವೆ. ನೋಡಬೇಕಾದುದು ಇವನ್ನು. ನಮ್ಮ ಹಿರಿಯರಾದರೋ ಇಂಥಲ್ಲಿ ಬಾಯಿಬಿಡುವ ಜಾತಿಯಲ್ಲ. ಕೇಳಿದರೆ ‘ಎಲ್ಲಾ ಸರಿಯಿದೆ’ ಎಂದೇ ಅನ್ನುವರು. ಆದುದರಿಂದ ಅವರನ್ನು ಕರೆದೊಯ್ದು, ನಾಲ್ಕು ಬಾರಿ ಹತ್ತಿಸಿ ಇಳಿಸಿ, ಮೋರೆ ನೋಡಿ ತಿಳಿಯಬೇಕು.

ಬಾಗಿಲು ತೆರೆದು ಪಕ್ಕದಲ್ಲಿ ನಿಂತಾಗ ಆಸನವು ತೊಡೆಯ ನಡುಮಟ್ಟಕ್ಕೆ ಬಂದರೆ ಉತ್ತಮ. ಆಗ ಕುರ್ಚಿಯ ಮೇಲೆ ಕುಳಿತಂತೆ ಮೊದಲು ಕುಳಿತು, ಬಳಿಕ ಕಾಲುಗಳನ್ನು ಒಳಗೆ ತೆಗೆದುಕೊಳ್ಳಬಹುದು. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಲ್ಲಿ ಕೆಳಕ್ಕೆ ಬಗ್ಗಿಯೇ ಕೂರಬೇಕಿತ್ತು. 1998ರಲ್ಲಿ ಸ್ಯಾಂಟ್ರೋ, 1999ರಲ್ಲಿ ವ್ಯಾಗನ್-ಆರ್ ಬಂದಾಗ ಅವುಗಳ ಎತ್ತರದ ಮಾಡು ಕಂಡು ಡಬ್ಬಿಯೆಂದು ನಕ್ಕವರುಂಟು, ನಾವೂ ನಕ್ಕವರೇ. ಇಂದು ಮೊಣಕಾಲು ನೋವಿನವರಿಗೆ ಅಂಥ ಡಬ್ಬಿಯೇ ಹಿತ. ಆಸನವನ್ನು ಏರಿಸಿ ಇಳಿಸುವ ಸೌಕರ್ಯವಿರಲಿ. ಎದೆಗೂ ಸ್ಟಿಯರಿಂಗಿಗೂ ನಡುವೆ ಹತ್ತು ಅಂಗುಲವಾದರೂ ತೆರವಿರಬೇಕು. ಇಲ್ಲವಾದರೆ ಗಾಳಿಚೀಲ ಸಿಡಿದಾಗ ರಕ್ಷಣೆಯ ಬದಲು ಪೆಟ್ಟಾದೀತು.

ಕ್ಲಚ್ಚಿನ ಕಷ್ಟಕ್ಕೆ ಪರಿಹಾರವುಂಟು. 2014ರಲ್ಲಿ ಸೆಲೆರಿಯೋ ಕಾರಿನೊಡನೆ ಅಗ್ಗದ ಸ್ವಯಂಚಾಲಿತ ಗೇರು ನಮ್ಮ ದೇಶಕ್ಕೆ ಬಂದ ಮೇಲೆ ಸಣ್ಣ ಕಾರುಗಳಲ್ಲಿಯೂ ಅದು ಸಾಮಾನ್ಯವಾಗಿದೆ. ಬೆಲೆ ಸ್ವಲ್ಪ ಹೆಚ್ಚು. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಹಿಂದಕ್ಕೆ ಜಾರುವುದೋ ಎಂಬುದನ್ನು ಕೊಳ್ಳುವ ಮೊದಲೇ ಪರೀಕ್ಷಿಸಿ ನೋಡಬೇಕು. ಘಟ್ಟದ ಕೆಳಗಿನ ನಮ್ಮ ಮನೆಗಳಿಗೆ ಏರು ದಾರಿಯೇ ಹೆಚ್ಚು. ಇನ್ನೊಂದು ಅಪಾಯವನ್ನು ಅಂಗಡಿಯವರು ಹೇಳುವುದು ಕಡಮೆ. ಜೀವಮಾನವಿಡೀ ಕ್ಲಚ್ಚು ಒತ್ತಿದ ಎಡಗಾಲು ಗಾಬರಿಯಲ್ಲಿ ಅದನ್ನೇ ಹುಡುಕುತ್ತಾ ಬ್ರೇಕನ್ನು ಒತ್ತುತ್ತದೆ; ಕೆಲವೊಮ್ಮೆ ಬಲಗಾಲು ಬ್ರೇಕೆಂದು ತಿಳಿದು ಆಕ್ಸಿಲರೇಟರನ್ನೇ ಒತ್ತಿಬಿಡುತ್ತದೆ. ಹೊಸ ಕಾರನ್ನು ರಸ್ತೆಗಿಳಿಸುವ ಮೊದಲು ಶಾಲೆಯ ಬಯಲಿನಲ್ಲಿ ಒಂದು ವಾರ ಅಭ್ಯಾಸ ಮಾಡಿಸುವುದಕ್ಕೆ ಮಗನು ರಜೆ ಹಾಕಿದರೂ ತಪ್ಪಿಲ್ಲ.

ಭವಿಷ್ಯನಿಧಿಯ ಹಣದಿಂದ ಹಳೆಯ ಕಾರು ಕೊಳ್ಳುವ ಗುಮಾಸ್ತರು ಅದರ ತಯಾರಿಕೆಯ ತಾರೀಖನ್ನು ಗಮನಿಸಬೇಕು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಚಾಲಕನಿಗೆ ಗಾಳಿಚೀಲವೂ, ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸೆನ್ಸರೂ ಕಡ್ಡಾಯವಾದವು. ಕತ್ತು ಹೊರಳದವರಿಗೆ ಈ ಸೆನ್ಸರಿನಿಂದ ಬಹಳ ಉಪಕಾರ. 2022ರಿಂದ ಪಕ್ಕದ ಆಸನಕ್ಕೂ ಗಾಳಿಚೀಲ ಕಡ್ಡಾಯವಾಯಿತು; ಅಲ್ಲಿ ಕೂರುವವರು ತಾಯಿಯಲ್ಲವೇ?

ಮಹಾರಾಷ್ಟ್ರದ ಸಂಖ್ಯೆಯ ಕಾರನ್ನು ಊರಿನಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಇಲ್ಲಿಂದ ನಿರಾಕ್ಷೇಪಣಾ ಪತ್ರ ಪಡೆದು, ಕರ್ನಾಟಕದ ತೆರಿಗೆ ತೆತ್ತು, ಅಲ್ಲಿಯ ಸಂಖ್ಯೆ ಪಡೆಯಬೇಕಾಗುತ್ತದೆ. ಊರಿನಲ್ಲೇ ಓಡುವ ಕಾರನ್ನು ಊರಿನಲ್ಲೇ ಕೊಳ್ಳುವುದು ಲೇಸು.

ಇನ್ನು ಕಣ್ಣಿನ ಮಾತು. ಇಪ್ಪತ್ತರ ಪ್ರಾಯದವನ ಕಣ್ಣಿನ ಒಳಪರದೆಗೆ ತಲಪುವ ಬೆಳಕಿನ ಮೂರರಲ್ಲಿ ಒಂದು ಪಾಲಷ್ಟೇ ಅರುವತ್ತರವನಿಗೆ ತಲಪುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕಾರು ಓಡಿಸಿ ನೋಡಿದರೆ ಇದು ತಿಳಿಯದು. ಮುಸ್ಸಂಜೆ ಕಳೆದ ಮೇಲೆ ಒಮ್ಮೆ ಓಡಿಸಲಿ. ದೀಪ ಸಾಲುತ್ತದೆಯೇ, ಎದುರಿನ ವಾಹನದ ಬೆಳಕಿಗೆ ಕಣ್ಣು ಕತ್ತಲಿಡುತ್ತದೆಯೇ, ಗಡಿಯಾರದ ಅಂಕೆಗಳು ಕನ್ನಡಕವಿಲ್ಲದೆ ಕಾಣುತ್ತವೆಯೇ ಎಂದು ನೋಡಲಿ. ಗಾಜಿಗೆ ಕಪ್ಪು ಫಿಲ್ಮು ಬೇಡವೇ ಬೇಡ. ಐವತ್ತೈದು ದಾಟಿದವರ ಲೈಸೆನ್ಸನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು; ಅದಕ್ಕೆ ಬೇಕಾದ ವೈದ್ಯರ ಪ್ರಮಾಣಪತ್ರವನ್ನು ದಲ್ಲಾಳಿಯ ಕೈಯಿಂದ ತರಿಸುವವರನ್ನು ನಾವು ಬಲ್ಲೆವು. ಮುಂಗಡ ಕೊಡುವ ಮೊದಲೇ ನಿಜವಾದ ಕಣ್ಣಿನ ಪರೀಕ್ಷೆಯೊಂದು ನಡೆಯಲಿ. ಪೊರೆ ಕಂಡರೆ ಅದನ್ನು ತೆಗೆಸಿಕೊಂಡು, ವೈದ್ಯರು ಹೇಳಿದಷ್ಟು ದಿನ ಕಾದು, ಬಳಿಕ ಕಾರಿನ ಅಂಗಡಿಗೆ ಹೋಗಬಹುದು.