ದ್ರಾಕ್ಷಾರಸದ ಯಾತ್ರೆಯೂ ರೈತನ ಹೆಸರೂ

ಕರ್ನಾಟಕದ ಯಾವ ಪೇಟೆಗೆ ಹೋದರೂ ‘ವೈನ್ಸ್’ ಎಂಬ ಫಲಕವು ಕಣ್ಣಿಗೆ ಬೀಳದೆ ಇರುವದಿಲ್ಲ. ಆ ಫಲಕದ ಕೆಳಗಿನ ಅಂಗಡಿಯಲ್ಲಿ ವಿಕ್ರಯವಾಗುವ ವಸ್ತುಗಳು ಬಹುತರವಾಗಿ ವಿಸ್ಕಿ, ಬ್ರಾಂಡಿ, ರಮ್ಮು, ಬೀರುಗಳು. ನಿಜವಾದ ದ್ರಾಕ್ಷಾರಸವು ಇದ್ದರೆ ಮೂಲೆಯ ಕಪಾಟಿನಲ್ಲಿ ಧೂಳು ಹಿಡಿದು ಕುಳಿತಿರುವದು. ಕಠಿಣವಾದ ವಸ್ತುವಿಗೆ ಮೃದುವಾದ ಹೆಸರಿಡುವ ಈ ಜಾಣತನವು ಇದುವರೆಗೆ ಅಂಗಡಿಕಾರರದು ಮಾತ್ರವಾಗಿತ್ತು. ಈಗ ಅದು ಸುಶಿಕ್ಷಿತರ ಮನೆಗಳನ್ನೂ ಪ್ರವೇಶಿಸಿದೆ.

ಧುಪದಾಳ, ಘಟಪ್ರಭಾ, ಗೋಕಾಕಗಳಂಥ ಊರುಗಳ ತರುಣ ಸದ್ಗೃಹಸ್ಥರು ನಾಲ್ಕಾರು ಗೆಳೆಯರು ಕೂಡಿಕೊಂಡು, ರಜೆಯ ದಿನಗಳಲ್ಲಿ ನಾಸಿಕಕ್ಕೋ ನಂದಿಬೆಟ್ಟದ ತಪ್ಪಲಿಗೋ ಹೋಗಿ ದ್ರಾಕ್ಷಾರಸದ ಕಾರಖಾನೆಯನ್ನು ನೋಡಿ ಬರುವದು ಒಂದು ರೂಢಿಯಾಗುತ್ತಲಿದೆ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಮನೆತನದವರೂ 1999ರಲ್ಲಿ ನಾಸಿಕದಲ್ಲಿ ಸುಲಾ ಕಂಪನಿಯವರೂ ಈ ಉದ್ಯಮಕ್ಕೆ ಕೈಯಿಟ್ಟ ಮೇಲೆ ಇಂಥ ಯಾತ್ರೆಗಳಿಗೆ ದಾರಿಯಾಯಿತು. ನೋಡತಕ್ಕ ಸಂಗತಿಗಳು ಅಲ್ಲಿ ಇಲ್ಲವೆಂದಲ್ಲ. ಹಣ್ಣಿನೊಳಗಿನ ಸಕ್ಕರೆಯನ್ನು ಸೂಕ್ಷ್ಮವಾದ ಕಿಣ್ವವು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುವ ಬಗೆ, ಕೆಂಪು ರಸಕ್ಕೆ ಸಿಪ್ಪೆಯನ್ನು ಕೂಡಿಸಿಯೇ ಹುಳಿಯಿಡುವದು, ಬಿಳಿಯದಕ್ಕೆ ಮೊದಲೇ ಸಿಪ್ಪೆಯನ್ನು ಬೇರ್ಪಡಿಸುವದು, ಈ ಉಷ್ಣದೇಶದಲ್ಲಿ ರಸವು ಕೆಡದಂತೆ ಉಕ್ಕಿನ ದೊಡ್ಡ ಪಾತ್ರೆಗಳನ್ನು ಹಗಲಿರುಳು ತಂಪಾಗಿಡುವದು, ಇವೆಲ್ಲವೂ ತಿಳಿದುಕೊಳ್ಳತಕ್ಕ ವಿದ್ಯೆಗಳೇ. ಕೊನೆಗೆ ಮೇಜಿನ ಸುತ್ತ ಕುಳ್ಳಿರಿಸಿ ಐದಾರು ಬಗೆಯ ರಸವನ್ನು ಗುಟುಕು ಗುಟುಕಾಗಿ ಕೊಡುವರು. ಗಾಜಿನ ಬಟ್ಟಲನ್ನು ತಿರುಗಿಸಿ, ಬಣ್ಣ ನೋಡಿ, ಮೂಸಿ, ನಾಲಿಗೆಯ ಮೇಲೆ ನಿಲ್ಲಿಸುವದನ್ನು ಕಲಿಸುವರು.

ತಕರಾರು ಈ ಗುಟುಕಿನದಲ್ಲ. ಪ್ರಾಯಕ್ಕೆ ಬಂದ ಮನುಷ್ಯನು ಏನನ್ನು ಕುಡಿಯಬೇಕು, ಬಿಡಬೇಕು ಎಂಬ ಚರ್ಚೆಯನ್ನು ಬೇರೆಯವರು ಮಾಡಲಿ. ತಕರಾರು ಮರಳಿ ಬಂದ ಮೇಲಿನ ಮಾತಿನದು. “ಎಲ್ಲಿಗೆ ಹೋಗಿದ್ದಿರೋ ತಮ್ಮಾ?” ಎಂದು ಮನೆಯ ಹಿರಿಯರು ಕೇಳಿದರೆ, “ದ್ರಾಕ್ಷಿ ತೋಟಾ ನೋಡಲಿಕ್ಕೆ ಹೋಗಿದ್ದೆವ್ರೀ ಅಜ್ಜಾ. ಅದು ದಾರೂ ಅಲ್ಲರೀ, ರೈತರ ಮಾಲು” ಎಂಬ ಉತ್ತರವು ಸಿದ್ಧವಾಗಿರುವದು. ಸರಕಾರದವರೂ ಇದನ್ನೇ ಹೇಳುವರು, ಕಾರಖಾನೆಯವರೂ ಇದನ್ನೇ ಹೇಳುವರು.

ಈ ಮಾತನ್ನು ಉಳಿದ ಕಡೆಯಲ್ಲಿ ಹೇಗಾದರೂ ಆಡಬಹುದು. ಧುಪದಾಳದಲ್ಲಿ ನಿಂತು ಆಡುವದು ಕಠಿಣ. 19ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಘಟಪ್ರಭೆಗೆ ಅಡ್ಡವಾಗಿ ಕಟ್ಟಿದ ಒಡ್ಡಿನಿಂದ ಹೊರಟ ಕಾಲುವೆಯ ನೀರು ಇಂದು ಬಹುಮಟ್ಟಿಗೆ ಕಬ್ಬಿಗೆ ಹರಿಯುತ್ತದೆ. ಕಬ್ಬು ಸಕ್ಕರೆಯ ಕಾರಖಾನೆಗೆ ಹೋಗುವದು. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮದ್ಯಸಾರವನ್ನು ಬಟ್ಟಿಯಿಳಿಸುವರು. ಈ ದೇಶದಲ್ಲಿ ತಯಾರಾಗುವ ಅಗ್ಗದ ವಿಸ್ಕಿ ರಮ್ಮುಗಳ ಜೀವಾಳವು ಅದೇ. ಹಾಗಾದರೆ ಅವೂ ರೈತರ ಮಾಲಾಗಲಿಲ್ಲವೆ? ದ್ರಾಕ್ಷಿಯನ್ನು ಬೆಳೆದವನು ರೈತನು, ಕಬ್ಬನ್ನು ಬೆಳೆದವನು ಮತ್ತಾರು? ಸಂಜೆಗೆ ರಮ್ಮು ಕುಡಿದು ಬಂದ ಹಮಾಲನು “ಕಬ್ಬಿನ ರೈತನನ್ನು ಉದ್ಧರಿಸಿ ಬಂದೆ” ಎಂದರೆ ಈ ಗೆಳೆಯರೇ ಮೊದಲು ನಗುವರು.

2007ನೆಯ ಇಸವಿಯು ಈ ವಿಷಯದಲ್ಲಿ ನೆನಪಿಡತಕ್ಕದ್ದು. ಆ ವರ್ಷದ ಜುಲೈ 1ರಿಂದ ಕರ್ನಾಟಕ ಸರಕಾರವು ಸಾರಾಯಿಯ ಮಾರಾಟವನ್ನು ನಿಷೇಧಿಸಿತು. ಅದೇ 2007ರ ಹೆಸರಿನಲ್ಲಿಯೇ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸದ ನೀತಿಯು ಹೊರಬಿದ್ದು, ಈ ಉದ್ಯಮಕ್ಕೆ ಉತ್ತೇಜನವನ್ನು ಸಾರಿತು. ಸಾರಾಯಿಯೂ ಕಾಕಂಬಿಯ ಮದ್ಯಸಾರಕ್ಕೆ ನೀರು ಬೆರೆಸಿದ ವಸ್ತುವೇ ಆಗಿತ್ತು. ಎಂದರೆ ಕಬ್ಬಿನ ಮೊಮ್ಮಗು. ಒಬ್ಬ ರೈತನ ಮಾಲಿಗೆ ಬಾಗಿಲು ಮುಚ್ಚಿತು, ಇನ್ನೊಬ್ಬ ರೈತನ ಮಾಲಿಗೆ ತೋರಣ ಕಟ್ಟಿತು! ಸಾರಾಯಿಯು ಬಡವರ ಮನೆಗಳನ್ನು ಹಾಳು ಮಾಡಿತ್ತೆಂಬುದು ನಿಜ. ಅದನ್ನು ನಿಲ್ಲಿಸಿದ್ದು ಯೋಗ್ಯವೇ. ದ್ರಾಕ್ಷಾರಸದಲ್ಲಿ ನೂರಕ್ಕೆ 12ರಿಂದ 14 ಪಾಲು ಮಾತ್ರ ಮದ್ಯಸಾರವಿರುವದೆಂದೂ ಹೇಳುವರು. ಇರಲಿ. ಆದರೆ ಅದು ಅಮಲಿನ ಪ್ರಮಾಣದ ವಾದವಾಯಿತೇ ಹೊರತು ರೈತನ ವಾದವಾಗಲಿಲ್ಲ. ಪ್ರಮಾಣವೇ ಮುಖ್ಯವಾದರೆ ಅದಕ್ಕಿಂತ ಕಡಿಮೆ ಅಮಲಿನ ಬೀರಿಗೆ ಮೊದಲು ತೋರಣ ಕಟ್ಟಬೇಕಾಗಿತ್ತು.

ಇನ್ನು ದ್ರಾಕ್ಷಿಯ ರೈತನಿಗಾದರೂ ಲಾಭವುಂಟೆ? ಪ್ರತಿಪಕ್ಷದವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕಾರಖಾನೆಯೊಡನೆ ಮೊದಲೇ ಕರಾರು ಮಾಡಿಕೊಂಡವನಿಗೆ ಪೇಟೆಯ ಏರಿಳಿತದ ಭಯ ಕಡಿಮೆ. ಗೊಂಚಲಿನ ಅಂದವನ್ನು ಯಾರೂ ನೋಡುವದಿಲ್ಲ. ಆದರೆ ಅಥಣಿ, ವಿಜಯಪುರಗಳ ಕಡೆಯ ತೋಟಗಳಲ್ಲಿ ಹೆಚ್ಚಾಗಿ ಇರುವದು ಥಾಮ್ಸನ್, ಸೋನಾಕಾ, ಮಾಣಿಕ ಚಮನ್ ಮುಂತಾದ ತಿನ್ನುವ ಹಾಗೂ ಒಣಗಿಸುವ ತಳಿಗಳು. ಒಳ್ಳೆಯ ದ್ರಾಕ್ಷಾರಸಕ್ಕೆ ಬೇಕಾದವು ಶಿರಾಜ್, ಕ್ಯಾಬರ್ನೆ, ಶೆನಿನ್ ಬ್ಲಾಂಕ್ ಎಂಬ ಬೇರೆ ತಳಿಗಳು. ಏಪ್ರಿಲ್‌ದಲ್ಲೊಮ್ಮೆ, ಅಕ್ಟೋಬರದಲ್ಲೊಮ್ಮೆ ಬಳ್ಳಿಯನ್ನು ಚಾಟಣಿ ಮಾಡಿ, ಬರಗಾಲದಲ್ಲಿ ಟ್ಯಾಂಕರಿನ ನೀರು ಕೊಂಡು ಹಾಕಿ, ಅಕಾಲದ ಮಳೆಗೂ ಬೂಜಿನ ರೋಗಕ್ಕೂ ಅಂಜುತ್ತ ಕುಳಿತಿರುವ ರೈತನಿಗೂ ನಾಸಿಕದ ಬಟ್ಟಲಿಗೂ ಸಂಬಂಧವೇ ಇಲ್ಲ. ಸಂಬಂಧವಿದ್ದಲ್ಲಿಯೂ ಲೆಕ್ಕವು ಚಿಕ್ಕದು: ಒಂದು ಸೀಸೆಗೆ ಬೇಕಾಗುವದು ಒಂದು ಕಿಲೋದ ಮೇಲೆ ಸ್ವಲ್ಪ ಹಣ್ಣು. ಹಣ್ಣಿಗೆ ಹತ್ತಾರು ರೂಪಾಯಿ, ಸೀಸೆಗೆ ನೂರಾರು ರೂಪಾಯಿ.

2008ರ ಆರ್ಥಿಕ ಕುಸಿತದ ತರುವಾಯ ಮಹಾರಾಷ್ಟ್ರದಲ್ಲಿ ನಡೆದ ಸಂಗತಿಯನ್ನು ಯಾತ್ರಿಕರಿಗೆ ಯಾವ ಮಾರ್ಗದರ್ಶಿಯೂ ಹೇಳಲಿಕ್ಕಿಲ್ಲ. ಮಾಲು ಖರ್ಚಾಗದೆ ಕಾರಖಾನೆಗಳು ತತ್ತರಿಸಿದವು, ಕೆಲವು ಮುಚ್ಚಿದವು; ಅವುಗಳನ್ನು ನಂಬಿ ರಸದ ತಳಿಗಳನ್ನು ನೆಟ್ಟಿದ್ದ ಅನೇಕ ರೈತರು ಹಣ್ಣನ್ನು ಕೇಳುವವರಿಲ್ಲದೆ ಬಳ್ಳಿಗಳನ್ನೇ ಕಿತ್ತು ಹಾಕಿದರು. ತಿನ್ನುವ ಹಣ್ಣನ್ನಾದರೆ ಸಂತೆಯಲ್ಲಿಟ್ಟು ಮಾರಬಹುದು. ಬೀಜ ತುಂಬಿದ ಆ ಸಣ್ಣ ಹಣ್ಣನ್ನು ಯಾರು ಕೊಳ್ಳುವರು?

ಸಂಸ್ಕೃತಿಯ ಹೆಸರನ್ನೂ ಕೆಲವರು ತರುವರು. ಆಸ್ವಾದನವೆಂಬುದು ಪಾಶ್ಚಾತ್ಯರಿಂದ ಕಲಿಯತಕ್ಕ ಹೊಸ ನಾಗರಿಕತೆಯಂತೆ. ಕನ್ನಡಿಗರಿಗೆ ಇದೇನು ಹೊಸದು? 10ನೆಯ ಶತಮಾನದ ಪಂಪನು ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ವರ್ಣಿಸಿರುವನು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳೊಡನೆ ಮದ್ಯಪಾನದ ಕ್ರೀಡೆಗೂ ಸ್ಥಳವುಂಟು. ಆ ಅರಸರು ತಮ್ಮ ಸುಖಕ್ಕಾಗಿ ಕುಡಿದರು; ಒಕ್ಕಲಿಗನ ಉದ್ಧಾರಕ್ಕಾಗಿ ಕುಡಿಯುತ್ತೇವೆಂದು ಹೇಳಿಕೊಳ್ಳಲಿಲ್ಲ. ಬಸವಣ್ಣನವರ ಕಾಲದ ಶರಣ ಹೆಂಡದ ಮಾರಯ್ಯನಂತೂ ತನ್ನ ಕಾಯಕದ ವಸ್ತುವನ್ನು ಹೆಸರಿನಲ್ಲಿಯೇ ಹೊತ್ತುಕೊಂಡನು. ಹೆಂಡವನ್ನು ಹೆಂಡವೆಂದೇ ಕರೆದನು.

ಹೃದಯಕ್ಕೆ ಹಿತವೆಂಬ ಮಾತಿಗೆ ಹೆಚ್ಚು ಉತ್ತರ ಬೇಡ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ನಿರಪಾಯವಲ್ಲವೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸಾರಿತು.

2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಹೆಗಳ ಸಾವಿರಾರು ಬಡ ಹೆಣ್ಣುಮಕ್ಕಳು ಮದ್ಯನಿಷೇಧವನ್ನು ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಅವರಲ್ಲಿಯೂ ಕೃಷಿಕೂಲಿಯವರು ಬಹಳ ಜನ. ರೈತರ ಮಾಲನ್ನು ರಕ್ಷಿಸಿರೆಂದು ಅವರು ಸೀಸೆಯನ್ನು ಎತ್ತಿ ಹಿಡಿಯಲಿಲ್ಲ. ಇತ್ತ 2025ರ ನವಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಟನ್ನಿಗೆ 3500 ರೂಪಾಯಿ ಬೇಕೆಂದು ದಿನಗಟ್ಟಲೆ ರಸ್ತೆಯ ಮೇಲೆ ಕುಳಿತರು. ಧುಪದಾಳದ ಗೆಳೆಯರಿಗೆ ಆ ಸ್ಥಳವು ನಾಸಿಕದಷ್ಟು ದೂರವಾಗಿರಲಿಲ್ಲ.

ಕಬ್ಬಿನ ರೈತನಿಗೆ ಕಾಗದದ ಮೇಲಾದರೂ ಒಂದು ಆಸರೆಯಿದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯಂತೆ ಮಾಲು ಮುಟ್ಟಿದ 14 ದಿನಗಳಲ್ಲಿ ಕಾರಖಾನೆಯು ಹಣ ಕೊಡಬೇಕು, ತಡವಾದರೆ ಬಡ್ಡಿ ಕೊಡಬೇಕು. ದ್ರಾಕ್ಷಿಯ ರೈತನಿಗೆ ಅಂಥ ನಿಗದಿಯ ದರವೂ ಇಲ್ಲ. ಆದುದರಿಂದ ರೈತನ ಹೆಸರನ್ನು ಹೇಳಲೇಬೇಕೆಂಬ ಹಟವುಳ್ಳ ಗೆಳೆಯರು ಮುಂದಿನ ಯಾತ್ರೆಯಲ್ಲಿ ಬಟ್ಟಲನ್ನು ಮೂಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಲಿ: ಈ ಹಣ್ಣಿಗೆ ಕಿಲೋಕ್ಕೆ ಎಷ್ಟು ಕೊಟ್ಟಿರಿ? ಹೋದ ಸುಗ್ಗಿಯ ಹಣವನ್ನು ಯಾವ ತಾರೀಖಿಗೆ ಮುಟ್ಟಿಸಿದಿರಿ? ಉತ್ತರವು ದೊರೆತರೆ ಊರಿಗೆ ಬಂದು ಅದನ್ನೂ ಹಿರಿಯರ ಮುಂದೆ ಹೇಳಲಿ.