ಅಳಿಸುವ ಮೊದಲೇ ಮಹಜರು ಬರೆಯೋಣ

ಅಮರ್ ಕನ್ವರ್ ದೆಹಲಿಯ ಕಲಾವಿದ, ಚಿತ್ರ ನಿರ್ದೇಶಕ. 2011ರಲ್ಲಿ ಅವರು ಒಡಿಶಾದಲ್ಲಿ 42 ನಿಮಿಷದ ಒಂದು ಚಿತ್ರ ಮಾಡಿದರು. ಹೆಸರು ‘ದಿ ಸೀನ್ ಆಫ್ ಕ್ರೈಮ್’. ಅಪರಾಧದ ಸ್ಥಳ ಎಂದಮೇಲೆ ರಕ್ತ, ಲಾಠಿ, ಪೊಲೀಸ್ ಜೀಪು ಇರಬೇಕಲ್ಲ ಎಂದು ಕಾದರೆ ಕಾಣುವುದು ಗಾಳಿಗೆ ಬಾಗುವ ಹುಲ್ಲು, ನೀರು, ಮರಗಳು. ನೋಡುತ್ತ ನೋಡುತ್ತ ಎದೆ ಭಾರವಾಗುತ್ತದೆ, ಏಕೆಂದರೆ ಅವುಗಳಲ್ಲಿ ಬಹುತೇಕ ಎಲ್ಲವೂ ಕಾರ್ಖಾನೆಗೆ, ಗಣಿಗೆ ಎಂದು ಗುರುತಾದ ಜಾಗಗಳು. ಅಪರಾಧ ಇನ್ನೂ ನಡೆಯಬೇಕಿದೆ. ಸ್ಥಳ ಮಾತ್ರ ಕಣ್ಣೆದುರಿಗಿದೆ.

ನಿಸರ್ಗಕ್ಕಾಗಿ ಮರುಗುವ ಕಲೆಗೆ ನಮ್ಮಲ್ಲಿ ಬರವಿಲ್ಲ. ಕಡಿದ ಮರದ ಬೊಡ್ಡೆ ಗ್ಯಾಲರಿಗೆ ಬರುತ್ತದೆ, ಬತ್ತಿದ ಕೆರೆ ಕ್ಯಾನ್ವಾಸಿಗೆ ಬರುತ್ತದೆ, ನಾವು ನೋಡಿ ನಿಟ್ಟುಸಿರು ಬಿಟ್ಟು ಕಾಫಿಗೆ ಹೋಗುತ್ತೇವೆ. ಹೋದಮೇಲೆ ಅಳುವುದು ಸುಲಭ. ಹೋಗುವ ಮೊದಲು ಹೋಗಿ ನಿಂತು, ಇಲ್ಲಿ ಏನೇನಿದೆ ಎಂದು ಬರೆದಿಡುವುದು ಕಷ್ಟ. ಕನ್ವರ್ ಆ ಕಷ್ಟದ ಕೆಲಸ ಮಾಡಿದರು. ನನ್ನ ಕರೆ ಆ ಕೆಲಸಕ್ಕೆ.

ಆ ಚಿತ್ರ ‘ದಿ ಸಾವರಿನ್ ಫಾರೆಸ್ಟ್’ ಎಂಬ ದೊಡ್ಡ ಕೃತಿಯ ಒಂದು ಭಾಗ. 2012ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅದು ಜಗತ್ತಿನ ಮುಂದೆ ಬಂತು. ಅಲ್ಲಿ ಕೈಕಾಗದದ ದೊಡ್ಡ ಪುಸ್ತಕಗಳಿದ್ದವು, ಅವುಗಳ ಹಾಳೆಯ ಮೇಲೆ ಚಿತ್ರಗಳು ಬೆಳಕಾಗಿ ಬೀಳುತ್ತಿದ್ದವು. ಜೊತೆಗೆ 266 ಬಗೆಯ ನಾಟಿ ಭತ್ತದ ಬೀಜಗಳು. ಒಂದೇ ಧಾನ್ಯಕ್ಕೆ ಇಷ್ಟೊಂದು ಬಣ್ಣ, ಇಷ್ಟೊಂದು ಆಕಾರ. ಪ್ರತಿ ತಳಿಯ ಹಿಂದೆ ಅದನ್ನು ತಲೆಮಾರುಗಳ ಕಾಲ ಆರಿಸಿ, ಒಣಗಿಸಿ, ಮುಂದಿನ ಮಳೆಗಾಲಕ್ಕೆ ಕಾದಿಟ್ಟ ಕೈಗಳಿವೆ. ಅದೇ ವರ್ಷ ಆಗಸ್ಟ್ 15ರಂದು ಭುವನೇಶ್ವರದ ಸಮದೃಷ್ಟಿ ಪತ್ರಿಕೆಯ ಆವರಣದಲ್ಲಿಯೂ ಕೃತಿಯನ್ನು ಜನರಿಗೆ ತೆರೆದಿಟ್ಟರು. ನೋಡಲು ಬಂದವರು ತಮ್ಮ ಬಳಿಯ ಸಾಕ್ಷ್ಯವನ್ನೂ ತಂದು ಸೇರಿಸಬಹುದಿತ್ತು. ನನ್ನ ಮಟ್ಟಿಗೆ ಇದು ಇಡೀ ಕೃತಿಯ ಹೃದಯ: ಪ್ರೇಕ್ಷಕ ಇಲ್ಲಿ ಸಾಕ್ಷಿಯಾಗುತ್ತಾನೆ.

ಕೃತಿ ಕೇಳುವ ಪ್ರಶ್ನೆ ನೇರ. ಯಾವುದು ಸಾಕ್ಷ್ಯ? ಕಾವ್ಯವನ್ನು ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪೀತೇ?

ಒಪ್ಪೀತು ಎನ್ನಲು ಅದೇ ಒಡಿಶಾದಲ್ಲಿ ಆಧಾರವಿದೆ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಯ ವಿಚಾರವನ್ನು ಗ್ರಾಮಸಭೆಗಳ ಮುಂದಿಡಲು ಹೇಳಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ವೀಕ್ಷಕರಾಗಿ ಕೂತರು. ಅಲ್ಲಿಯ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರು ಎದ್ದು ನಿಂತು, ಈ ಬೆಟ್ಟ ನಮ್ಮ ದೇವರು ನಿಯಮರಾಜನದು ಎಂದರು. 12 ಗ್ರಾಮಸಭೆಗಳಲ್ಲಿ 12ಕ್ಕೆ 12 ಗಣಿ ಬೇಡವೆಂದವು. ಕೇಂದ್ರ ಸರ್ಕಾರ ಮರುವರ್ಷ ಅನುಮತಿ ನಿರಾಕರಿಸಿತು. ಒಂದು ಕಲಾಕೃತಿಯಿಂದ ಇದು ಆಯಿತೆಂದು ನಾನು ಹೇಳಲಾರೆ. ಗೆದ್ದವರು ಆ ಜನ. ಆದರೆ ಬೆಟ್ಟದೊಡನೆ ಅವರಿಗಿದ್ದ ನಂಟೇ ಅಲ್ಲಿ ದಾಖಲೆಯಾಯಿತು.

ಎಲ್ಲ ಕಡೆ ಹೀಗಾಗಲಿಲ್ಲ. ಜಗತ್‌ಸಿಂಗ್‌ಪುರ ಜಿಲ್ಲೆಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಯ ವಿರುದ್ಧ, ವೀಳ್ಯದೆಲೆ ತೋಟ ಉಳಿಸಿಕೊಳ್ಳಲು, 2011ರ ಜೂನ್‌ನಲ್ಲಿ ಹೆಂಗಸರು ಮಕ್ಕಳು ಸುಡುವ ಮರಳಿನ ಮೇಲೆ ಸಾಲಾಗಿ ಮಲಗಿದರು. 2017ರಲ್ಲಿ ಕಂಪನಿ ಹಿಂದೆ ಸರಿಯಿತು. ಜಮೀನು ರೈತರಿಗೆ ಮರಳಲಿಲ್ಲ, ಇನ್ನೊಂದು ಉಕ್ಕಿನ ಕಂಪನಿಯ ಪಾಲಾಯಿತು.

ಪೋಸ್ಕೊ ಹೆಸರು ಗದಗಿನವರಿಗೆ ಹೊಸದಲ್ಲ. ಅದೇ ಕಂಪನಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಎರೆಭೂಮಿಯ ಮೇಲೂ ಕಣ್ಣಿಟ್ಟಿತ್ತು. ತೋಂಟದ ಸಿದ್ಧಲಿಂಗ ಸ್ವಾಮಿಗಳ ಜೊತೆ ರೈತರು ಬೀದಿಗಿಳಿದರು, 2011ರ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಉಳಿದ ಆ ನೆಲದಲ್ಲಿ ಏನೇನು ಉಳಿಯಿತು? ಯಾವ ಹಕ್ಕಿ, ಯಾವ ಹಾಡು, ಯಾವ ಜೋಳದ ತಳಿ? ನಮ್ಮಲ್ಲಿ ಎಷ್ಟು ಮಂದಿ ಹೋಗಿ ನೋಡಿ ಬರೆದೆವು?

ಈಗ ಶರಾವತಿ ಕಣಿವೆಗೆ ಬನ್ನಿ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಎದುರಿಗಿದೆ. ವಿದ್ಯುತ್ತು ನನಗೂ ಬೇಕು. ಆದರೆ 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಕೊಟ್ಟ ಮುಳುಗಡೆ ಸಂತ್ರಸ್ತರು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ, ಅದೇ ನದಿಯಿಂದ ಇನ್ನಷ್ಟು ಕೇಳುವ ಮೊದಲು ಕೊಡುತ್ತಿರುವುದು ಏನೆಂದಾದರೂ ತಿಳಿಯಬೇಡವೇ?

ಪಹಣಿ ಅದನ್ನು ಹೇಳುವುದಿಲ್ಲ. ಪಹಣಿಯಲ್ಲಿ ಎಕರೆ ಇದೆ, ಗುಂಟೆ ಇದೆ, ಖುಷ್ಕಿಯೋ ತರಿಯೋ ಬಾಗಾಯ್ತೋ ಎಂದಿದೆ. ಬದುವಿನ ಹೊಂಗೆಯಡಿ ಬುತ್ತಿ ಬಿಚ್ಚಿದವರು ಅದರಲ್ಲಿಲ್ಲ, ಊರ ಭೂತನ ಕಲ್ಲಿಲ್ಲ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರು ನಿಲ್ಲುತ್ತದೆ ಎಂಬುದಿಲ್ಲ. ಬರೆಯದೇ ಇದ್ದದ್ದಕ್ಕೆ ಪರಿಹಾರವೂ ಇಲ್ಲ, ಹೋಯಿತೆಂಬ ದುಃಖಕ್ಕೆ ಲೆಕ್ಕವೂ ಇಲ್ಲ.

ಆದ್ದರಿಂದ ಚಿತ್ರ ಬರೆಯುವವರೇ, ಕ್ಯಾಮೆರಾ ಹಿಡಿದವರೇ, ಹಾಡು ಕಟ್ಟುವವರೇ, ಅಧಿಸೂಚನೆ ಬಿದ್ದ ಊರಿಗೆ ಈ ತಿಂಗಳೇ ಹೊರಡಿ. ಅಲ್ಲಿಯ ಅಜ್ಜಿಯರನ್ನು ಬೀಜದ ಹೆಸರು ಕೇಳಿ, ಮರಗಳನ್ನು ಒಂದೊಂದಾಗಿ ಬರೆದುಕೊಳ್ಳಿ, ಹಳ್ಳದ ಸದ್ದು ಮುದ್ರಿಸಿಕೊಳ್ಳಿ. ಊರವರನ್ನೇ ಪಂಚರನ್ನಾಗಿ ಮಾಡಿ ಸಹಿ ಹಾಕಿಸಿ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟಮೇಲೆ ಜಮೀನಿನವರು ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ಆ ಅರ್ಜಿಯ ಹಿಂದೆ ನಿಮ್ಮ ಚಿತ್ರ, ನಿಮ್ಮ ಪಟ್ಟಿ, ನಿಮ್ಮ ಹಾಡು ಲಗತ್ತಾಗಿರಲಿ. ರೈತರ ಜೊತೆ ನೀವೂ ಜಿಲ್ಲಾಧಿಕಾರಿ ಕಚೇರಿಗೆ ನಡೆಯಿರಿ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಬೀಳುವವರೆಗೆ ಅಲ್ಲಿಂದ ಕದಲಬೇಡಿ.