ಹಡಗಿನ ಪೂರ್ತಿ ದರ ಮೊದಲ ಸಾಲಿನಲ್ಲೇ ಬರಲಿ

ಕ್ರೂಸ್, ಅಂದರೆ ಊಟ, ವಸತಿ, ಮನರಂಜನೆಗಳೆಲ್ಲ ಇರುವ ಹಡಗಿನಲ್ಲಿ ಕೆಲವು ದಿನ ಸಮುದ್ರದ ಮೇಲೆ ಕಳೆಯುವ ವಿಹಾರವು ಈಗ ಸಾಮಾನ್ಯರ ಕೈಗೂ ಎಟುಕುತ್ತದೆ ಎಂಬ ಪ್ರಚಾರ ಇಂಡಿ ತಾಲ್ಲೂಕಿನ ತಾಂಬಾದಂತಹ ಊರುಗಳ ಮೊಬೈಲ್‌ಗಳನ್ನೂ ಮುಟ್ಟಿದೆ. ಆ ಜಾಹೀರಾತಿನಲ್ಲಿ ಕಾಣುವ ದರವನ್ನಷ್ಟೇ ಕೊಟ್ಟು ಯಾರೂ ಹಡಗು ಹತ್ತಲಾರರೆಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹಾಗೆ ಮಾರುವುದು ವಂಚನೆ.

ದೊಡ್ಡ ಅಕ್ಷರದಲ್ಲಿ ಮೆರೆಯುವ ಮೊತ್ತವು ಸಾಮಾನ್ಯವಾಗಿ ಕಿಟಕಿಯಿಲ್ಲದ ಒಳಕೋಣೆಯದು, ಅದೂ ಇಬ್ಬರು ಹಂಚಿಕೊಂಡಾಗ ಒಬ್ಬರ ಪಾಲಿಗೆ ಬರುವಂಥದು. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಗೆಂದು ಕಡ್ಡಾಯವಾಗಿ ಕೀಳುವ ಭಕ್ಷೀಸು, ಜಿಎಸ್‌ಟಿ ಒಂದೊಂದಾಗಿ ಏರುತ್ತವೆ. ಜೊತೆಯಿಲ್ಲದೆ ಒಬ್ಬರೇ ಹೊರಟರೆ ಖಾಲಿ ಹಾಸಿಗೆಯ ಹಣವನ್ನೂ ಬಹುತೇಕ ಅವರೇ ತೆರಬೇಕಾಗುತ್ತದೆ. ತಾಂಬಾದ ಲಿಂಬೆ ಬೆಳೆಗಾರನ ಮನೆಯವರಿಗಾದರೆ ಇಂಡಿ ರೋಡ್ ನಿಲ್ದಾಣದಿಂದ ಸೊಲ್ಲಾಪುರದ ಮೇಲೆ ಹಡಗು ಹೊರಡುವ ಮುಂಬೈ ಸೇರುವ ಖರ್ಚು ಮತ್ತು ಅಲ್ಲಿನ ಲಾಡ್ಜಿನ ಬಾಡಿಗೆ ಬೇರೆ.

ಷರತ್ತುಗಳನ್ನು ಓದದೆ ಬುಕ್ ಮಾಡಿದ್ದು ಗ್ರಾಹಕನದೇ ತಪ್ಪು ಎಂಬ ವಾದವಂತೂ ನಾಚಿಕೆಗೇಡಿನದು. ಮೊದಲು ಕಡಿಮೆ ದರ ತೋರಿಸಿ, ಹಣ ಕಟ್ಟುವ ಹಂತಕ್ಕೆ ಬಂದಾಗ ಉಳಿದ ಶುಲ್ಕಗಳನ್ನು ತೊಟ್ಟಿಕ್ಕಿಸುತ್ತ ಹೋಗುವ ಕ್ರಮವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಲ್ಲಿ ಪಟ್ಟಿ ಮಾಡಿರುವ 13 ಮೋಸದ ವಿಧಾನಗಳಲ್ಲಿ ಇದೂ ಒಂದು, ‘ಇನ್ನೆರಡೇ ಕೋಣೆ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದೂ ಒಂದು. ಹೀಗೆ ಕಾನೂನೇ ಮಾರುವವನ ತಪ್ಪೆಂದಿರುವುದನ್ನು ಕೊಳ್ಳುವವನ ತಲೆಗೆ ಕಟ್ಟುವವರು ಯಾರ ಪರ ಎಂಬುದು ಸ್ಪಷ್ಟ. ಆದರೂ 2025ರ ಜೂನ್‌ನಲ್ಲಿ ಅದೇ ಪ್ರಾಧಿಕಾರವು ಆನ್‌ಲೈನ್ ಮಾರಾಟ ವೇದಿಕೆಗಳಿಗೆ ಹೇಳಿದ್ದು, ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಿ ಎಂದು! ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತು.

ಸಮುದ್ರಯಾನವು ಬಡವನಿಗೆ ಹೊಸದೇನಲ್ಲ. ಮುಂಬೈ ಮತ್ತು ಪಣಜಿಗಳ ನಡುವೆ 1980ರ ದಶಕದವರೆಗೂ ಓಡಿದ ಹಡಗುಗಳಲ್ಲಿ ಡೆಕ್ ಟಿಕೆಟ್, ಅಂದರೆ ಕೋಣೆಯಿಲ್ಲದೆ ಹಡಗಿನ ಅಟ್ಟದ ಮೇಲೆ ಕೂತು ಮಲಗಿ ಸಾಗುವ ಟಿಕೆಟ್, ಕೊಂಡ ಕೂಲಿಕಾರರು ಸಂಸಾರಸಮೇತ ಊರು ಸೇರುತ್ತಿದ್ದರು. ಆ ಸೇವೆ ನಿಂತಿತು. 2024ರ ಸೆಪ್ಟೆಂಬರ್ 30ರಂದು ಮುಂಬೈ ಬಂದರಿನಲ್ಲಿ ಕ್ರೂಸ್ ಪ್ರವಾಸ ಬೆಳೆಸುವ ಕೇಂದ್ರ ಸರ್ಕಾರದ ಕ್ರೂಸ್ ಭಾರತ್ ಮಿಷನ್ ಆರಂಭವಾದಾಗ 2029ರೊಳಗೆ ಪ್ರಯಾಣಿಕರ ಸಂಖ್ಯೆ ದುಪ್ಪಟ್ಟಾಗಬೇಕೆಂಬ ಗುರಿ ಘೋಷಣೆಯಾಯಿತು. ಸಂಖ್ಯೆಯ ಮೇಲೆ ಇಷ್ಟು ಆಸೆಯಿರುವ ಸರ್ಕಾರವು ದರವನ್ನು ಪೂರ್ತಿಯಾಗಿ ಹೇಳಿಸಲು ಏಕೆ ಹಿಂಜರಿಯಬೇಕು?

ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರ್ ಕೊಟ್ಟ ಟಿಕೆಟ್ಟಿನ ಮೇಲೆ ಕಾಣುವ ದರವೇ ಪೂರ್ತಿ ದರ. ತಾಂಬಾದಿಂದ ಇಂಡಿಗೆ ಹೋಗುವ ಬಸ್ಸಿಗೆ ಸಾಧ್ಯವಾದದ್ದು ಹಡಗಿನ ಕಂಪನಿಗೆ ಅಸಾಧ್ಯವಲ್ಲ.

ಆದ್ದರಿಂದ ಅಗ್ಗದ ಕ್ರೂಸ್ ಹುಡುಕುವವರು ರಜೆಯಿಲ್ಲದ ವಾರದ ದಿನಗಳನ್ನೂ ಒಳಕೋಣೆಯನ್ನೂ ಆರಿಸಿಕೊಂಡರೆ ಸಾಲದು, ಹಣ ಕಟ್ಟುವ ಮೊದಲು ತೆರಿಗೆ, ಬಂದರು ಶುಲ್ಕ, ಭಕ್ಷೀಸು ಸೇರಿದ ಒಟ್ಟು ಮೊತ್ತವನ್ನೂ ರದ್ದತಿಯ ಕಡಿತವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಮೋಸವಾದರೆ ಮುಂಬೈಗೆ ಅಲೆಯಬೇಕಾಗಿಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಾಸವಿರುವ ಜಿಲ್ಲೆಯಲ್ಲೇ, ಅಂದರೆ ವಿಜಯಪುರದ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕಿದೆ. ಅದು ಹಡಗಿನ ಟಿಕೆಟ್ ಮಾರುವವರ ಮೇಲೆ ಈಗಲೇ ಪ್ರಯೋಗವಾಗಬೇಕು.